ರಕ್ತದ ರಿಪೋರ್ಟ್‌ನಲ್ಲಿ ಕುಡಿತದ ಸುಳಿವು ಓದುವುದು ಹೇಗೆ: ಮುಂಬಯಿಯ ಕನ್ನಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯಲ್ಲಿ ರಕ್ತದ ರಿಪೋರ್ಟ್ ಇಲ್ಲದ ಮನೆ ಸಿಗುವುದು ಕಷ್ಟ. ಕಂಪನಿಯ ವರ್ಷದ ತಪಾಸಣೆ, ವಿಮೆಗೆಂದು ಮಾಡಿಸಿದ ಮೆಡಿಕಲ್, ಗಲ್ಫಿಗೆ ಹೊರಡುವ ಮುನ್ನ ಮಾಡಿಸಿದ್ದು, ಭಾನುವಾರ ಸಂಘದ ಸಭಾಗೃಹದಲ್ಲಿ ನಡೆದ ಉಚಿತ ಶಿಬಿರದ್ದು, ಎಲ್ಲವೂ ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬಿದ್ದಿರುತ್ತವೆ. ಜನ ತೆರೆದು ನೋಡುವುದು ಎರಡೇ ಸಾಲು, ಶುಗರ್ ಮತ್ತು ಕೊಲೆಸ್ಟರಾಲ್. ಅವೆರಡು ಸರಿಯಿದ್ದರೆ ಫೋನ್ ಕಿಸೆಗೆ ಹೋಯಿತು. ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಜಿಜಿಟಿ ಎಂಬ ಲಿವರ್ ಕಿಣ್ವ, ಮೊದಲ ಪುಟದ ನಡುವೆಲ್ಲೋ ಇರುವ, ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಡೊಂಬಿವಲಿಯಲ್ಲಿ ಜನರಲ್ ಪ್ರಾಕ್ಟೀಸ್ ಮಾಡುವವನು. ಹೋಟೆಲಿನವರು, ಬ್ಯಾಂಕಿನವರು, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಎಲ್ಲರೂ ಬರುತ್ತಾರೆ. "ಇವರ ರಿಪೋರ್ಟ್ ಸ್ವಲ್ಪ ನೋಡಿ ಡಾಕ್ಟ್ರೇ, ಲಿವರ್ ಸರಿ ಇದೆಯಲ್ಲ?" ಎಂದು ಹೆಂಡತಿ ಕೇಳುವಾಗ ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾರೆ. ಆಕೆ ಕೇಳಬೇಕೆಂದಿರುವುದು ಲಿವರಿನ ವಿಚಾರವೊಂದನ್ನೇ ಅಲ್ಲ ಎಂಬುದು ಮೂವರಿಗೂ ಗೊತ್ತು.

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಯಾವ ಸಾಮಾನ್ಯ ರಕ್ತಪರೀಕ್ಷೆಯೂ ಒಬ್ಬರನ್ನು ಕುಡಿತದ ಚಟಕ್ಕೆ ಬಿದ್ದವರು ಎಂದು ತೀರ್ಮಾನಿಸಲಾರದು. ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಕೇಳಲು ಅದು ಒಂದು ಕಾರಣ ಕೊಡುತ್ತದೆ, ಅಷ್ಟೆ. ಹಾಗೆಯೇ, ಒಂದು ರಿಪೋರ್ಟಿನ ಒಂದು ಅಂಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕುಡಿತ ನಿಲ್ಲಿಸುವ ಮುಂಚಿನ ಮತ್ತು ನಿಲ್ಲಿಸಿದ ನಂತರದ ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವ ವ್ಯತ್ಯಾಸವನ್ನು ನಂಬುತ್ತೇನೆ. ಮುಂದಿನ ಹಂತಗಳೆಲ್ಲ ಆ ವ್ಯತ್ಯಾಸವನ್ನು ಸುರಕ್ಷಿತವಾಗಿ ತಲುಪುವ ದಾರಿ.

ಹಂತ 1: ಯಾವ ಪರೀಕ್ಷೆ, ಯಾವ ದಿನ

ಬೇಕಾದದ್ದು ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಲಿವರ್ ಫಂಕ್ಷನ್ ಟೆಸ್ಟ್. ಜೊತೆಗೆ ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್, ಶುಗರ್ ಇದ್ದರೆ ಒಳ್ಳೆಯದು. ಇಲ್ಲೊಂದು ಸಣ್ಣ ಕೊಕ್ಕೆ ಇದೆ: ಅಗ್ಗದ ಪ್ಯಾಕೇಜುಗಳ ಲಿವರ್ ಪಟ್ಟಿಯಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು, ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಇದ್ದರೂ ಜಿಜಿಟಿ ಇರದೇ ಹೋಗಬಹುದು. ಮನೆಗೆ ಬರುವ ಲ್ಯಾಬಿನ ಹುಡುಗ ಸೂಜಿ ಚುಚ್ಚುವ ಮೊದಲೇ "ಜಿಜಿಟಿ ಇದೆಯಾ?" ಎಂದು ಕೇಳಿ ಸೇರಿಸಿಕೊಳ್ಳಿ. ಖರ್ಚಿನ ಚಿಂತೆ ಇರುವವರು ಮುಂಬಯಿ ಮಹಾನಗರಪಾಲಿಕೆಯ ಆಪಲಾ ದವಾಖಾನಾದಲ್ಲಿ ಅಥವಾ ಪಾಲಿಕೆ ಆಸ್ಪತ್ರೆಯ ಒಪಿಡಿಯಲ್ಲಿ ವಿಚಾರಿಸಬಹುದು.

ಸಿಬಿಸಿಗೂ ಲಿವರ್ ಪರೀಕ್ಷೆಗೂ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ ಕೂಡ ಮಾಡಿಸುವುದಿದ್ದರೆ 10ರಿಂದ 12 ಗಂಟೆ ಏನೂ ತಿನ್ನದೆ ಹೋಗಿ. ಹಿಂದಿನ ಎರಡು ಮೂರು ದಿನ ಜಿಮ್ಮಿನಲ್ಲಿ ಭಾರ ಎತ್ತಬೇಡಿ, ಸ್ನಾಯು ನೊಂದರೂ ಎಸ್‌ಜಿಒಟಿ ಏರುತ್ತದೆ. ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಟಿಬಿ ಮಾತ್ರೆ, ಫಿಟ್ಸ್ ಮಾತ್ರೆ, ಕೀಲುನೋವಿಗೆ ಊರಿನಿಂದ ತರಿಸಿದ ಕಷಾಯ, ಯಾವುದನ್ನೂ ಬಿಡಬೇಡಿ.

ಮುಂಬಯಿ ಮಳೆಗಾಲಕ್ಕೆ ಒಂದು ವಿಶೇಷ ಎಚ್ಚರಿಕೆ. ಡೆಂಗಿ ಬಂದು ಹೋದವರ ರಿಪೋರ್ಟ್ ಕುಡಿಯುವವರ ರಿಪೋರ್ಟಿನಂತೆಯೇ ಕಾಣುತ್ತದೆ: ಪ್ಲೇಟ್‌ಲೆಟ್ ಕಡಿಮೆ, ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಹೆಚ್ಚು. ನೀರು ನಿಂತ ರಸ್ತೆಯಲ್ಲಿ ನಡೆದು ಲೆಪ್ಟೊ (ಇಲಿಜ್ವರ) ತಗುಲಿಸಿಕೊಂಡವರಿಗೂ ಲಿವರ್ ಮತ್ತು ಪ್ಲೇಟ್‌ಲೆಟ್ ಎರಡೂ ಕೆಡುತ್ತವೆ. ಜ್ವರ ಬಿಟ್ಟು ಕನಿಷ್ಠ ಒಂದು ತಿಂಗಳಾಗುವವರೆಗೆ ಆ ರಿಪೋರ್ಟಿನಿಂದ ಕುಡಿತದ ಬಗ್ಗೆ ಏನನ್ನೂ ಊಹಿಸಬೇಡಿ. ಆಗಸ್ಟಿನ ಒಂದು ಪಿಡಿಎಫ್ ಹಿಡಿದು ಮನೆಯಲ್ಲಿ ಜಗಳ ಎದ್ದ ಪ್ರಸಂಗಗಳಿವೆ, ಆ ಮನುಷ್ಯ ಬಿಯರ್ ಕೂಡ ಮುಟ್ಟದವರು.

ಇನ್ನು ಒಪ್ಪಿಗೆ. ಶುಗರ್ ಟೆಸ್ಟ್ ಎಂದು ಸುಳ್ಳು ಹೇಳಿ ಗಂಡನ ರಕ್ತ ತೆಗೆಸಿ ಜಿಜಿಟಿ ಮಾಡಿಸುವುದು ಬೇಡ. ಮುಂದೆ ಅವರು ಚಿಕಿತ್ಸೆಗೆ ಬರಬೇಕಾದರೆ ಮನೆಯವರ ಮೇಲೆ ನಂಬಿಕೆ ಉಳಿದಿರಬೇಕು. ಹೋಟೆಲ್ ಮಾಲೀಕರು ತಮ್ಮ ಹುಡುಗರ ರಿಪೋರ್ಟ್ ಹಿಡಿದು "ಇವ ಕುಡೀತಾನಾ ಹೇಳಿ" ಎಂದು ಬಂದರೆ ನಾನು ಹೇಳುವುದಿಲ್ಲ. ರಿಪೋರ್ಟ್ ಆ ಹುಡುಗನದ್ದು, ಅವನೇ ಬರಬೇಕು.

ಹಂತ 2: ರಿಪೋರ್ಟ್ ತೆರೆಯುವ ಮೊದಲು ಲೆಕ್ಕ ಹಾಕಿ

ಇದನ್ನು ಹಾರಿಸಿ ನೇರ ಅಂಕೆಗಳಿಗೆ ಹೋಗುವವರೇ ಹೆಚ್ಚು. ಆದರೆ ಅತಿಯಾದ ಕುಡಿತವನ್ನು ಪತ್ತೆ ಹಚ್ಚುವುದರಲ್ಲಿ ಸರಿಯಾಗಿ ಕೇಳಿದ ಮೂರು ಪ್ರಶ್ನೆಗಳು ಜಿಜಿಟಿ, ಎಂಸಿವಿಗಳಿಗಿಂತ ಮುಂದಿವೆ.

ಅಳತೆ ಗೊತ್ತಿದ್ದರೆ ಲೆಕ್ಕ ಸುಲಭ. 10 ಗ್ರಾಂ ಶುದ್ಧ ಆಲ್ಕೋಹಾಲನ್ನು ಒಂದು ಡ್ರಿಂಕ್ ಎಂದು ಎಣಿಸುತ್ತಾರೆ. ನಮ್ಮ ವಿಸ್ಕಿ, ರಮ್ಮು, ಬ್ರಾಂದಿ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇಕಡ 42.8 ಎಂದಿರುತ್ತದೆ, ಆದ್ದರಿಂದ 30 ಮಿಲಿಯ ಸಣ್ಣ ಪೆಗ್ ಅಂದರೆ ಒಂದು ಡ್ರಿಂಕ್. ಲಾರ್ಜ್ ಎಂದರೆ ಎರಡು, ನೈಂಟಿ ಎಂದರೆ ಮೂರು, 180 ಮಿಲಿಯ ಕ್ವಾರ್ಟರ್ ಎಂದರೆ ಆರು. ಬಿಯರನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 650 ಮಿಲಿಯ ಶೇಕಡ 5ರ ಬಾಟಲಿಯಲ್ಲಿ ಎರಡೂವರೆ ಡ್ರಿಂಕ್ ಇದೆ, ಶೇಕಡ 8ರ ಸ್ಟ್ರಾಂಗ್ ಬಿಯರಿನಲ್ಲಿ ನಾಲ್ಕು. ಸಂಜೆಗೆ ಎರಡು ಸ್ಟ್ರಾಂಗ್ ಮುಗಿಸಿ "ನಾನು ಹಾರ್ಡ್ ಮುಟ್ಟಲ್ಲ ಡಾಕ್ಟ್ರೇ" ಎನ್ನುವವರು ಕ್ವಾರ್ಟರ್ ಮುಗಿಸಿದವರಿಗಿಂತ ಹೆಚ್ಚು ಆಲ್ಕೋಹಾಲ್ ಕುಡಿದಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ. ಅದರ ಮೊದಲ ಮೂರನ್ನೇ ಬೇರೆ ಮಾಡಿದ್ದು ಆಡಿಟ್-ಸಿ, ಒಟ್ಟು 12 ಅಂಕ.

ಮೊದಲನೆಯದು, ಎಷ್ಟು ಸಲ ಕುಡಿಯುತ್ತೀರಿ? ಇಲ್ಲವೇ ಇಲ್ಲ ಎಂದರೆ 0, ತಿಂಗಳಿಗೊಮ್ಮೆ ಅಥವಾ ಇನ್ನೂ ಕಡಿಮೆ 1, ತಿಂಗಳಿಗೆ 2ರಿಂದ 4 ಸಲ 2, ವಾರಕ್ಕೆ 2–3 ಸಲ 3, ವಾರಕ್ಕೆ 4 ಅಥವಾ ಹೆಚ್ಚು ಸಲ 4.

ಎರಡನೆಯದು, ಕುಡಿಯುವ ದಿನ ಎಷ್ಟು ಡ್ರಿಂಕ್? 1–2 ಆದರೆ 0, 3–4 ಆದರೆ 1, 5–6 ಆದರೆ 2, 7–9 ಆದರೆ 3, 10 ಅಥವಾ ಹೆಚ್ಚಾದರೆ 4.

ಮೂರನೆಯದು, ಒಂದೇ ಕೂತಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ ಆಗುತ್ತದೆ? ಎಂದೂ ಇಲ್ಲ 0, ತಿಂಗಳಿಗಿಂತ ಅಪರೂಪ 1, ತಿಂಗಳಿಗೊಮ್ಮೆ 2, ವಾರಕ್ಕೊಮ್ಮೆ 3, ಹೆಚ್ಚುಕಡಿಮೆ ದಿನಾ 4.

ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಇನ್ನಷ್ಟು ವಿಚಾರಿಸಬೇಕು. ದಿನಾ ಒಂದು ಕ್ವಾರ್ಟರ್ ಎನ್ನುವವರಿಗೆ 4, 2, 4 ಸೇರಿ 10 ಬರುತ್ತದೆ. ಅವರೇ "ಲಿಮಿಟಲ್ಲಿ ತಗೊಳ್ತೀನಿ" ಎನ್ನುವವರು ಕೂಡ. ಅಂಥವರಿಗೆ ಹತ್ತೂ ಪ್ರಶ್ನೆ ಕೇಳಬೇಕು. ಆ 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ, 20 ಅಥವಾ ಹೆಚ್ಚು ಬಂದರೆ ಚಟ ಅಂಟಿರುವ ಸಾಧ್ಯತೆ ಹೆಚ್ಚು.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ಕುಡಿತೀರಾ?" ಎಂದರೆ "ಇಲ್ಲ" ಎಂದು ಬಾಯಿಗೆ ಬರುತ್ತದೆ. "ಕೆಲಸ ಬಿಟ್ಟು ರೂಮಿಗೆ ಬರುವಾಗ ಎಷ್ಟು ಗಂಟೆ ಆಗುತ್ತದೆ? ಆಮೇಲೆ ಕ್ವಾರ್ಟರ್ ಪೂರ್ತಿ ಮುಗಿಯುತ್ತಾ, ಅರ್ಧಕ್ಕೆ ನಿಲ್ಲುತ್ತಾ?" ಎಂದರೆ ನಿಜ ಸಂಗತಿ ಬರುತ್ತದೆ. ಹೆಂಗಸರನ್ನು ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ, ವೈದ್ಯರೂ ಕೇಳುವುದಿಲ್ಲ. ಅದೇ ಪ್ರಮಾಣಕ್ಕೆ ಹೆಂಗಸರ ಲಿವರ್ ಬೇಗ ಕೆಡುತ್ತದೆ ಎಂಬುದು ಗೊತ್ತಿದ್ದೂ ಕೇಳುವುದಿಲ್ಲ.

ಹಂತ 3: ಜಿಜಿಟಿ

ಜಿಜಿಟಿ ಲಿವರ್ ಮತ್ತು ಪಿತ್ತನಾಳದ ಜೀವಕೋಶಗಳ ಪೊರೆಯಲ್ಲಿರುವ ಕಿಣ್ವ. ದಿನಾ ಆಲ್ಕೋಹಾಲ್ ಬೀಳುತ್ತಿದ್ದರೆ ಲಿವರ್ ಅದನ್ನು ಹೆಚ್ಚು ತಯಾರಿಸುತ್ತದೆ, ರಕ್ತಕ್ಕೂ ಹೆಚ್ಚು ಸೋರುತ್ತದೆ. ಗಂಡಸರಿಗೆ ಸುಮಾರು 55, ಹೆಂಗಸರಿಗೆ ಸುಮಾರು 40 ಯೂನಿಟ್ ಮೇಲಿನ ಮಿತಿ. ಲ್ಯಾಬಿನಿಂದ ಲ್ಯಾಬಿಗೆ ಇದು ಬೇರೆಯಾಗುವುದರಿಂದ ನಿಮ್ಮ ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾದ ಮಿತಿಯನ್ನೇ ನೋಡಿ.

ಇದರ ಗುಣ ಬೇಗ ಏಳುವುದು, ದೋಷ ಬೇರೆ ಕಾರಣಕ್ಕೂ ಏಳುವುದು. ಬೊಜ್ಜು, ಡಯಾಬಿಟಿಸ್, ಫ್ಯಾಟಿ ಲಿವರ್, ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದದ್ದು, ಫಿಟ್ಸಿಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಮಾತ್ರೆಗಳು, ಎಲ್ಲಕ್ಕೂ ಜಿಜಿಟಿ ಏರುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು, ಸಂಜೆ ವಡಾಪಾವ್ ತಿಂದು ಲೋಕಲ್ ಹತ್ತುವವರಲ್ಲಿ 70–80ರ ಜಿಜಿಟಿ ಕಂಡರೆ ನಾನು ಮೊದಲು ಸೊಂಟದ ಸುತ್ತಳತೆ ನೋಡುತ್ತೇನೆ. 200 ದಾಟಿದ್ದು ಕಂಡಾಗ, ಪಿತ್ತನಾಳದ ತೊಂದರೆ ಇಲ್ಲವೆಂದಾದರೆ, ಕುಡಿತದ ಪ್ರಶ್ನೆ ಎತ್ತಲೇಬೇಕು.

ಮೂವತ್ತು ದಾಟದ ಹುಡುಗರಲ್ಲಿ ಇದು ಕೈಕೊಡುತ್ತದೆ. ಶನಿವಾರ ರಾತ್ರಿ ಮಾತ್ರ ಮಿತಿ ಮೀರಿ ಕುಡಿದು ವಾರವಿಡೀ ಮುಟ್ಟದವರಲ್ಲೂ ಅಷ್ಟೇ. ಅವರ ಜಿಜಿಟಿ 30 ಇರಬಹುದು, ಭಾನುವಾರ ಬೆಳಗ್ಗೆ ಬೈಕಿನಿಂದ ಬೀಳುವ ಅಪಾಯ ಅದರಿಂದ ಕಡಿಮೆಯಾಗುವುದಿಲ್ಲ.

ಹಂತ 4: ಎಸ್‌ಜಿಒಟಿಯನ್ನು ಎಸ್‌ಜಿಪಿಟಿಯಿಂದ ಭಾಗಿಸಿ

ಕೆಲವು ರಿಪೋರ್ಟುಗಳಲ್ಲಿ ಎಎಸ್‌ಟಿ, ಎಎಲ್‌ಟಿ ಎಂದಿರುತ್ತದೆ, ಎರಡೂ ಒಂದೇ: ಎಎಸ್‌ಟಿ ಅಂದರೆ ಎಸ್‌ಜಿಒಟಿ, ಎಎಲ್‌ಟಿ ಅಂದರೆ ಎಸ್‌ಜಿಪಿಟಿ. ಜನ ಎಸ್‌ಜಿಪಿಟಿ ಒಂದನ್ನೇ ನೋಡಿ ನಿಟ್ಟುಸಿರು ಬಿಡುತ್ತಾರೆ. ಕುಡಿತದಿಂದ ಕೆಟ್ಟ ಲಿವರಿನಲ್ಲಿ ಎಸ್‌ಜಿಪಿಟಿ ನಾರ್ಮಲ್ ಆಗಿಯೇ ಇರಬಹುದು. ಅದು ಕೆಲಸ ಮಾಡಲು ಬಿ6 ವಿಟಮಿನ್ ಬೇಕು, ಬಹುಕಾಲ ಕುಡಿಯುವವರಲ್ಲಿ ಅದರದ್ದೇ ಕೊರತೆ. ಇತ್ತ ಆಲ್ಕೋಹಾಲ್ ಜೀವಕೋಶದೊಳಗಿನ ಮೈಟೊಕಾಂಡ್ರಿಯಾಕ್ಕೆ ಹೊಡೆದು ಅಲ್ಲಿನ ಎಸ್‌ಜಿಒಟಿಯನ್ನು ಹೊರಗೆ ತಳ್ಳುತ್ತದೆ. ಹೀಗಾಗಿ ಭಾಗಲಬ್ಧ 2 ದಾಟಿದರೆ ಆಲ್ಕೋಹಾಲಿನಿಂದಾದ ಲಿವರ್ ಕಾಯಿಲೆಯ ಅನುಮಾನ ಬಲವಾಗುತ್ತದೆ. ತೂಕ ಹೆಚ್ಚಿ ಬಂದ ಫ್ಯಾಟಿ ಲಿವರಿನಲ್ಲಿ ಮೊದಮೊದಲು ಅದು 1ಕ್ಕಿಂತ ಕೆಳಗಿರುತ್ತದೆ.

ಅಂಕೆ ಎಷ್ಟು ದೊಡ್ಡದು ಎಂಬುದೂ ಮುಖ್ಯ. ಕುಡಿತದಿಂದ ಎಸ್‌ಜಿಒಟಿ 300–400 ದಾಟುವುದು ಅಪರೂಪ. ಸಾವಿರದಲ್ಲಿದ್ದರೆ ಬೇರೆ ಕಾರಣ ಹುಡುಕಬೇಕು. ಮಳೆಗಾಲದ ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಮೊದಲು ನೆನಪಾಗಬೇಕಾದವು, ಜೊತೆಗೆ ಮಿತಿಮೀರಿ ನುಂಗಿದ ಪ್ಯಾರಾಸಿಟಮಾಲ್. ಟಿಬಿ ಮಾತ್ರೆಗಳೂ ಲಿವರನ್ನು ಕೆಡಿಸುತ್ತವೆ. ಟಿಬಿ ಚಿಕಿತ್ಸೆಯಲ್ಲಿರುವವರು ಕುಡಿಯುತ್ತಿದ್ದರೆ ಆ ಅಪಾಯ ಹೆಚ್ಚುತ್ತದೆ, ಆ ವಿಷಯ ಅವರ ಡಾಕ್ಟರಿಗೆ ಗೊತ್ತಿರಲೇಬೇಕು.

ಹಂತ 5: ಎಂಸಿವಿ, ನಮ್ಮ ಊಟಕ್ಕೆ ತಕ್ಕಂತೆ

ಎಂಸಿವಿ ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100 ಫೆಮ್ಟೋಲೀಟರ್ ಸಾಮಾನ್ಯ. ಬಹಳ ಕಾಲ ಕುಡಿಯುವವರಲ್ಲಿ ಆಲ್ಕೋಹಾಲ್ ರಕ್ತಕಣ ಹುಟ್ಟುವ ಮೂಳೆಮಜ್ಜೆಯ ಮೇಲೆ ನೇರವಾಗಿಯೂ, ಫೋಲೇಟ್ ಕೊರತೆಯ ಮೂಲಕವೂ ಕೆಲಸ ಮಾಡಿ ಕಣಗಳನ್ನು ದೊಡ್ಡದು ಮಾಡುತ್ತದೆ.

ಹೊರದೇಶದ ಪಠ್ಯದಲ್ಲಿರುವ ಈ ನಿಯಮವನ್ನು ಇಲ್ಲಿ ಹಾಗೇ ಬಳಸಿದರೆ ಎರಡು ಕಡೆ ಎಡವುತ್ತೇವೆ. ಒಂದು, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದೂ ಎಂಸಿವಿಯನ್ನು ಏರಿಸುತ್ತದೆ. ಈರುಳ್ಳಿಯನ್ನೂ ತಿನ್ನದ ಅಜ್ಜಿಯ ಎಂಸಿವಿ 106 ಬಂದರೆ ಬಿ12 ಪರೀಕ್ಷೆ ಬರೆಯಬೇಕು. ಥೈರಾಯ್ಡ್ ಕಡಿಮೆ ಕೆಲಸ ಮಾಡುವುದು, ಮೆಥೊಟ್ರೆಕ್ಸೇಟ್ ಮಾತ್ರೆ ಕೂಡ ಇದೇ ಫಲ ಕೊಡುತ್ತವೆ. ಎರಡು, ಕಬ್ಬಿಣದ ಕೊರತೆ ಮತ್ತು ಹುಟ್ಟಿನಿಂದಲೇ ಬರುವ ಥಲಸೀಮಿಯಾ ಟ್ರೇಟ್ ಎಂಸಿವಿಯನ್ನು ಇಳಿಸುತ್ತವೆ. ಸರಿಯಾಗಿ ಊಟ ಮಾಡದೆ ದಿನಾ ದೇಶಿ ಕುಡಿಯುವ ಕಟ್ಟಡ ಕೆಲಸದವರಲ್ಲಿ ಕುಡಿತ ಏರಿಸಲು, ಕಬ್ಬಿಣದ ಕೊರತೆ ಇಳಿಸಲು ನೋಡಿ ಎಂಸಿವಿ 86ಕ್ಕೆ ಬಂದು ನಿಂತಿರುತ್ತದೆ. ರಿಪೋರ್ಟಿನಲ್ಲಿ ಏನೂ ತಪ್ಪು ಕಾಣದು. ಹಿಮೋಗ್ಲೋಬಿನ್ ಕಡಿಮೆಯಿದ್ದು, ಕಣಗಳ ಗಾತ್ರದ ಏರುಪೇರು ತೋರಿಸುವ ಆರ್‌ಡಿಡಬ್ಲ್ಯೂ ಹೆಚ್ಚಿದ್ದರೆ ಈ ಜಗ್ಗಾಟದ ಸುಳಿವು ಸಿಗುತ್ತದೆ.

ಉಳಿದ ಸಾಲುಗಳನ್ನು ಬೇಗ ನೋಡಿ ಮುಗಿಸಬಹುದು. ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್ ಕುಡಿತದಿಂದ ಏರುತ್ತವೆ, ಬೇರೆ ಹತ್ತು ಕಾರಣಕ್ಕೂ ಏರುತ್ತವೆ. ಪ್ಲೇಟ್‌ಲೆಟ್ ಇಳಿಯುವುದು ಮಜ್ಜೆಯ ಮೇಲಿನ ಪರಿಣಾಮದಿಂದ ಇರಬಹುದು, ಲಿವರ್ ಗಟ್ಟಿಯಾಗಿ ಗುಲ್ಮ (ಸ್ಪ್ಲೀನ್) ಊದಿದ್ದರಿಂದಲೂ ಇರಬಹುದು. ಬಿಲಿರುಬಿನ್ ಏರಿ, ಲಿವರ್ ತಯಾರಿಸುವ ಪ್ರೋಟೀನಾದ ಆಲ್ಬುಮಿನ್ ಇಳಿದಿದ್ದರೆ ಅದು ಸ್ಕ್ರೀನಿಂಗಿನ ವಿಚಾರವಾಗಿ ಉಳಿದಿಲ್ಲ, ಲಿವರ್ ತಜ್ಞರ ಬಳಿ ಹೋಗಿ.

ಹಂತ 6: ಎಲ್ಲ ಸಾಲು ಒಟ್ಟಿಗೆ

ನಾಲ್ಕು ರಿಪೋರ್ಟುಗಳನ್ನು ಊಹಿಸಿಕೊಳ್ಳೋಣ.

ಠಾಣೆಯ ಒಂದು ಪರ್ಮಿಟ್ ರೂಮಿನ (ಬಾರಿನ) ಕ್ಯಾಷಿಯರ್, 46 ವರ್ಷ. ಜಿಜಿಟಿ 214, ಎಸ್‌ಜಿಒಟಿ 88, ಎಸ್‌ಜಿಪಿಟಿ 36, ಎಂಸಿವಿ 101, ಪ್ಲೇಟ್‌ಲೆಟ್ 1.48 ಲಕ್ಷ. ಭಾಗಲಬ್ಧ 2.4. ಎಸ್‌ಜಿಪಿಟಿ ನಾರ್ಮಲ್ ಎಂದು ಸಮಾಧಾನಪಟ್ಟುಕೊಂಡರೆ ಕೆಟ್ಟೆವು. ಉಳಿದ ನಾಲ್ಕೂ ಸಾಲು ಒಂದೇ ಕಡೆಗೆ ಬೆರಳು ತೋರಿಸುತ್ತಿವೆ.

ಐರೋಲಿಯ ಸಾಫ್ಟ್‌ವೇರ್ ಕಂಪನಿಯವರು, 41 ವರ್ಷ, 92 ಕೆಜಿ. ಜಿಜಿಟಿ 85, ಎಸ್‌ಜಿಒಟಿ 46, ಎಸ್‌ಜಿಪಿಟಿ 78, ಎಂಸಿವಿ 86, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.3. ಭಾಗಲಬ್ಧ 0.6. ಇದು ತೂಕ ಮತ್ತು ಸಕ್ಕರೆಯ ಕಥೆ. ಹಾಗೆಂದು ಮೂರು ಪ್ರಶ್ನೆ ಕೇಳದೆ ಬಿಡಬೇಡಿ, ಫ್ಯಾಟಿ ಲಿವರ್ ಇದ್ದು ವಾರಾಂತ್ಯದಲ್ಲಿ ಕುಡಿಯುವವರಿಗೆ ಎರಡೂ ಸೇರಿ ಬೇಗ ಹಾನಿ ಮಾಡುತ್ತವೆ.

ಕಲ್ಯಾಣದಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು, 34 ವರ್ಷ. ಜಿಜಿಟಿ 140, ಎಸ್‌ಜಿಒಟಿ 92, ಎಸ್‌ಜಿಪಿಟಿ 51, ಎಂಸಿವಿ 82, ಹಿಮೋಗ್ಲೋಬಿನ್ 10.8. ಕಬ್ಬಿಣದ ಕೊರತೆ ಎಂಸಿವಿಯ ಸಾಕ್ಷಿಯನ್ನು ಅಳಿಸಿಹಾಕಿರಬಹುದು.

ಕೊನೆಯದು 27ರ ಹುಡುಗ, ಎಲ್ಲವೂ ನಾರ್ಮಲ್, ಆಡಿಟ್-ಸಿ 8. ಇಲ್ಲಿ ರಕ್ತವನ್ನು ಬದಿಗಿಟ್ಟು ಪ್ರಶ್ನಾವಳಿಯನ್ನೇ ನಂಬಬೇಕು. ನಾರ್ಮಲ್ ರಿಪೋರ್ಟ್ ಕುಡಿಯಲು ಪರವಾನಗಿಯಲ್ಲ ಎಂದು ಇವನಿಗೆ ಒಪ್ಪಿಸುವುದೇ ನಾಲ್ವರಲ್ಲಿ ಅತಿ ಕಷ್ಟದ ಕೆಲಸ.

ಹಂತ 7: ಲಿವರ್ ಎಷ್ಟು ಗಟ್ಟಿಯಾಗಿದೆ, ಮೊಬೈಲಿನಲ್ಲೇ ಲೆಕ್ಕ

ಕೈಯಲ್ಲಿರುವ ಅಂಕೆಗಳಿಂದಲೇ ಫಿಬ್-4 ಎಂಬ ಸೂಚ್ಯಂಕ ಸಿಗುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಸಾವಿರದ ಲೆಕ್ಕದಲ್ಲಿ ಬರೆದ ಪ್ಲೇಟ್‌ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಕ್ಯಾಷಿಯರ್‌ಗೆ 46 ಗುಣಿಸು 88 ಎಂದರೆ 4048, 148 ಗುಣಿಸು 6 ಎಂದರೆ 888, ಉತ್ತರ ಸುಮಾರು 4.6. 1.3ಕ್ಕಿಂತ ಕಡಿಮೆಯಾದರೆ ಲಿವರ್ ಬಹಳ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಲಿವರಿನ ಗಟ್ಟಿತನ ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಿ ತಜ್ಞರನ್ನು ಕಾಣಬೇಕು. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ. ಇತ್ತೀಚೆಗೆ ಜೋರಾಗಿ ಕುಡಿದಿದ್ದರೆ ಎಸ್‌ಜಿಒಟಿ ಉಬ್ಬಿ ಸೂಚ್ಯಂಕವೂ ಉಬ್ಬುತ್ತದೆ, ಆದ್ದರಿಂದ ನಿಲ್ಲಿಸಿದ ಮೇಲೆ ಮತ್ತೊಮ್ಮೆ ಲೆಕ್ಕ ಹಾಕಿ.

ಹಂತ 8: ನಿಲ್ಲಿಸಿ ಮತ್ತೆ ಪರೀಕ್ಷೆ, ಆದರೆ ಮೊದಲು ಈ ಪ್ರಶ್ನೆ

ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಚಹಾದ ಲೋಟ ಹಿಡಿಯಲು ಎರಡೂ ಕೈ ಬೇಕೇ? ಒಂದು ಪೆಗ್ ಬಿದ್ದ ಮೇಲೆ ನಡುಕ ನಿಲ್ಲುತ್ತದೆಯೇ? ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡಿತ್ತೇ? ಒಂದಕ್ಕೆ ಹೌದು ಎಂದರೂ ಮನೆಯಲ್ಲಿ ದಿಢೀರನೆ ನಿಲ್ಲಿಸಬೇಡಿ.

ದೇಹ ಆಲ್ಕೋಹಾಲಿಗೆ ಒಗ್ಗಿದವರಲ್ಲಿ ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಗಲಿಬಿಲಿ, ಜ್ವರ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು. ಇದರಿಂದ ಜೀವ ಹೋಗಬಹುದು. ಕಾಲು ಮುರಿದು ಆಸ್ಪತ್ರೆಗೆ ಸೇರಿದವರು ಮೂರನೇ ರಾತ್ರಿ ಸಲೈನ್ ಕಿತ್ತು ಓಡಲು ನೋಡಿದರೆ ಕಾರಣ ಬಹುಪಾಲು ಇದೇ. ಆಪರೇಷನ್ನಿಗೆ ಮೊದಲು ಅನಸ್ತೇಶಿಯಾ ಡಾಕ್ಟರಿಗೆ ಕುಡಿತದ ಪ್ರಮಾಣ ಹೇಳಲು ನಾಚಿಕೊಳ್ಳಬೇಡಿ. ಡಾಕ್ಟರ ಕೈಯಲ್ಲಿ ಇದಕ್ಕೆ ಮಾತ್ರೆಗಳಿವೆ, ಬಿ1 ಇಂಜೆಕ್ಷನ್ ಇದೆ, ಆರಾಮವಾಗಿ ದಾಟಿಸಬಹುದು.

ಇಂಥ ಲಕ್ಷಣಗಳಿಲ್ಲದವರು, ಅಥವಾ ವೈದ್ಯರ ನೆರವಿನಿಂದ ದಾಟಿದವರು, ಪೂರ್ತಿ ಬಿಟ್ಟು ನಾಲ್ಕು ವಾರವಾದ ಮೇಲೆ ಒಂದು ಸಲ, ಮೂರರಿಂದ ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಸಲ ಅದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಿ. ಜಿಜಿಟಿ ಎರಡು ಮೂರು ವಾರಕ್ಕೆ ಅರ್ಧಕ್ಕರ್ಧ ಇಳಿಯುತ್ತದೆ. ಎಸ್‌ಜಿಒಟಿ ಇನ್ನೂ ಬೇಗ. ಎಂಸಿವಿ ನಿಧಾನ, ಕೆಂಪುಕಣದ ಆಯಸ್ಸು ಸುಮಾರು 120 ದಿನ, ಹಳೆಯ ದೊಡ್ಡ ಕಣಗಳು ಸಾಯುವವರೆಗೆ ಅದು ಕದಲುವುದಿಲ್ಲ. ಕ್ಯಾಷಿಯರ್ ನಿಜವಾಗಿ ಬಿಟ್ಟಿದ್ದರೆ ಮೊದಲ ತಿಂಗಳಿಗೆ ಜಿಜಿಟಿ 214ರಿಂದ 90ರ ಆಸುಪಾಸಿಗೆ ಬಂದು, ಎಂಸಿವಿ ಇನ್ನೂ 100ರಲ್ಲೇ ನಿಂತಿರಬೇಕು. ನಾಲ್ಕನೇ ತಿಂಗಳಿಗೆ ಎರಡೂ ಮಿತಿಯೊಳಗೆ. ಈ ಕ್ರಮದಲ್ಲಿ ಇಳಿದರೆ ಏರಿದ್ದು ಕುಡಿತದಿಂದಲೇ ಎಂದು ಧೈರ್ಯವಾಗಿ ಹೇಳಬಹುದು. ಪೂರ್ತಿ ಬಿಟ್ಟೂ ಜಿಜಿಟಿ ಇಳಿಯದಿದ್ದರೆ ಹೊಟ್ಟೆಯ ಸೋನೋಗ್ರಫಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಬೇಕು. "ಇವರು ಸುಳ್ಳು ಹೇಳ್ತಿದ್ದಾರೆ" ಎಂಬ ತೀರ್ಮಾನಕ್ಕೆ ಅದಾದ ಮೇಲೂ ಅವಸರ ಬೇಡ.

ವಿಮೆಯ ಮೆಡಿಕಲ್‌ಗೆ ನಾಲ್ಕು ದಿನ ಮುಂಚೆ ಬಿಟ್ಟು ರಿಪೋರ್ಟ್ ಸ್ವಚ್ಛ ಮಾಡಿಕೊಳ್ಳುವ ಉಪಾಯ ಏಕೆ ಫಲಿಸದು ಎಂಬುದಕ್ಕೂ ಇಲ್ಲೇ ಉತ್ತರ ಇದೆ.

ಇನ್ನೂ ಖಚಿತವಾದ ಪರೀಕ್ಷೆಗಳು

ಪೆತ್ ಎಂಬ ಪರೀಕ್ಷೆಯಲ್ಲಿ ಅಳೆಯುವ ವಸ್ತು ಆಲ್ಕೋಹಾಲ್ ಇದ್ದಾಗ ಮಾತ್ರ ಕೆಂಪುಕಣದ ಪೊರೆಯಲ್ಲಿ ಹುಟ್ಟುತ್ತದೆ, ಎರಡರಿಂದ ನಾಲ್ಕು ವಾರ ಪತ್ತೆಯಾಗುತ್ತದೆ. ಮಿಲಿಲೀಟರಿಗೆ 200 ನ್ಯಾನೊಗ್ರಾಂ ದಾಟಿದರೆ ಭಾರಿ ಕುಡಿತದ ಗುರುತು, 20ಕ್ಕಿಂತ ಕಡಿಮೆಯಾದರೆ ಕುಡಿದಿಲ್ಲ ಅಥವಾ ತೀರಾ ಸ್ವಲ್ಪ. ಸಿಡಿಟಿ ಇನ್ನೊಂದು, ದಿನಾ 50–80 ಗ್ರಾಂನಂತೆ ಎರಡು ವಾರ ಕುಡಿದರೆ ಏರುತ್ತದೆ. ಮೂತ್ರದ ಇಟಿಜಿ ಕೆಲವು ದಿನಗಳ ಹಿಂದಿನ ಒಂದೇ ಸಲದ ಕುಡಿತವನ್ನೂ ಹಿಡಿಯುತ್ತದೆ. ಅದು ಅತಿ ಸೂಕ್ಷ್ಮ, ಸ್ಯಾನಿಟೈಸರ್, ಮೌತ್‌ವಾಶ್‌ನಿಂದಲೂ ಎಡವಬಹುದು. ಇವೆಲ್ಲ ಗಲ್ಲಿಯ ಲ್ಯಾಬಿನಲ್ಲಿ ಸಿಗುವಂಥವಲ್ಲ, ದುಬಾರಿ ಕೂಡ. ಲಿವರ್ ಕಸಿಗೆ ಮುನ್ನ ಅಥವಾ ಚಿಕಿತ್ಸೆಯ ನಡುವೆ ರೋಗಿಯೇ ಒಪ್ಪಿದಾಗ ಇವಕ್ಕೆ ಅರ್ಥವಿದೆ. ಮನೆಯಲ್ಲಿ ಪತ್ತೇದಾರಿಕೆಗೆ ಬೇಡ.

ರಿಪೋರ್ಟ್ ಕೈಯಲ್ಲಿ ಹಿಡಿದು ಮಾತಾಡುವಾಗ

ಕುಡಿದಿರುವಾಗ ಮಾತೆತ್ತಬೇಡಿ, ನೆಂಟರ ಮುಂದೆ ಎತ್ತಬೇಡಿ. ಬೆಳಗ್ಗೆ, ಒಬ್ಬರೇ ಇದ್ದಾಗ, ಅಂಕೆಯನ್ನೇ ಮುಂದಿಡಿ. "ನೋಡಿ, ಇದು 55ರೊಳಗೆ ಇರಬೇಕಂತೆ, ನಿಮ್ಮದು 214 ಇದೆ. ಒಂದು ತಿಂಗಳು ಬಿಟ್ಟು ನೋಡೋಣ ಅಂತಾರೆ ಡಾಕ್ಟ್ರು, ಒಟ್ಟಿಗೆ ಹೋಗಿ ಕೇಳೋಣವಾ?" ತಮ್ಮ ಹೇಳಿದರೆ ಕೇಳದ ಅಣ್ಣ ಭಾವ ಹೇಳಿದರೆ ಕೇಳಬಹುದು, ಯಾರ ಮಾತಿಗೆ ತೂಕ ಇದೆಯೋ ಅವರು ಆಡಲಿ. ನನ್ನ ಅನುಭವದಲ್ಲಿ ಹೆಂಡತಿಯ ಕಣ್ಣೀರಿಗೆ ಕರಗದವರು ಇಳಿಯುತ್ತಿರುವ ಜಿಜಿಟಿಗೆ ಹಟ ಹಿಡಿದು ಬಿಟ್ಟಿದ್ದುಂಟು. ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂಬ ಕುತೂಹಲ ಒಂದು ಒಳ್ಳೆಯ ಊರುಗೋಲು.

ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿರುವ "ಗೊತ್ತಾಗದಂತೆ ಬೆರೆಸಿ ಕೊಡಿ" ಎಂಬ ಪುಡಿಗಳ ಜಾಹೀರಾತನ್ನು ನಂಬಬೇಡಿ. ಅದರಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆಯನ್ನೇ ಗುಟ್ಟಾಗಿ ಕೊಟ್ಟರೂ, ಅದರ ಮೇಲೆ ಕುಡಿದಾಗ ಬಿಪಿ ಕುಸಿದು ಪ್ರಾಣಕ್ಕೆ ಬರಬಹುದು.

ಸಹಾಯಕ್ಕೆ ದಾರಿಗಳಿವೆ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಸಾಯನ್ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಇದೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಪರಸ್ಪರ ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಮುಂಬಯಿಯಲ್ಲಿ ಹಲವೆಡೆ ನಡೆಯುತ್ತವೆ, ಶುಲ್ಕವಿಲ್ಲ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಊರಿಗೆ ಕರೆದೊಯ್ದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಸೇರಿಸುವವರೂ ಇದ್ದಾರೆ. ಹಾಗೆ ಹೋಗುವ ಮುನ್ನ ಹಂತ 8ರ ಪ್ರಶ್ನೆಗಳನ್ನು ಕೇಳಿ, ರಿಪೋರ್ಟನ್ನು ಡಾಕ್ಟರಿಗೆ ತೋರಿಸಿಯೇ ಹೊರಡಿ. ಹದಿನೈದು ಗಂಟೆಯ ಬಸ್ಸಿನಲ್ಲಿ ಫಿಟ್ಸ್ ಬಂದರೆ ಘಟ್ಟದ ನಡುವೆ ಮಾಡುವುದೇನು?

ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ನೀರು ತುಂಬಿ ಊದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ, ಮಾತು ತೊದಲಿ ಹಗಲಿಡೀ ಮಂಪರಿನಲ್ಲಿದ್ದರೆ ರಿಪೋರ್ಟಿಗೆ ಕಾಯುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆದೊಯ್ಯಿರಿ. ಹಳೆಯ ಪಿಡಿಎಫ್‌ಗಳಿರುವ ಫೋನನ್ನೂ ಔಷಧಗಳ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ಕೊನೆಯ ಸಲ ಎಷ್ಟು ಗಂಟೆಗೆ, ಎಷ್ಟು ಕುಡಿದಿದ್ದರು ಎಂಬುದನ್ನು ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.